ದಿನ ತುಂಬದೆ ಹುಟ್ಟಿದ ಮಗುವಿಗೆ ರಕ್ತದ ಸೋಂಕು: ಕೊಡಗಿನ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದಾಗ ಬಹಳಷ್ಟು ಸಲ ಜ್ವರವೇ ಬರುವುದಿಲ್ಲ. ಮಗು ಸಪ್ಪಗಾಗುತ್ತದೆ, ಅಷ್ಟೇ. ನಿನ್ನೆ ಒಳಲೆಯ ಹಾಲನ್ನು ಚಪ್ಪರಿಸಿ ಕುಡಿದದ್ದು ಇವತ್ತು ಕಟವಾಯಿಯಿಂದ ಹೊರಗೆ ಬಿಡುತ್ತದೆ. ಅಂಗಾಲು ತಣ್ಣಗಿರುತ್ತದೆ, ಅಳು ಕೇಳಿಸಿಯೂ ಕೇಳಿಸದ ಹಾಗಿರುತ್ತದೆ. ಮನೆಯವರು ಮಳೆಗೆ ಶೀತವಾಗಿರಬೇಕು ಎಂದುಕೊಂಡು ಬೆಳಗಾಗಲಿ ಎಂದು ಕಾಯುತ್ತಾರೆ. ಈ ಸೋಂಕು ಕೆಲವೇ ಗಂಟೆಗಳಲ್ಲಿ ಮಗುವಿನ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಬಲ್ಲದು. ಹಾಗಾಗಿ ಜ್ವರ ಬರಲಿ ಎಂದು ಕಾಯಬೇಡಿ. ಮಗು ನಿನ್ನೆಗಿಂತ ಇವತ್ತು ಬೇರೆ ಥರ ಇದೆಯೇ ಎಂದು ಅಳೆದು ನೋಡಿ, ಬೇರೆ ಥರ ಕಂಡರೆ ಆಗಲೇ ಹೊರಡಿ. ಈ ಲೇಖನದಲ್ಲಿರುವುದು ಅಳೆಯುವ ಮತ್ತು ಹೊರಡುವ ವಿಧಾನ. ಸೋಂಕು ತಗಲದಂತೆ ನೋಡಿಕೊಳ್ಳುವ ದಾರಿಗಳೂ ಇಲ್ಲಿವೆ.

ಇಂಥ ಮಕ್ಕಳಿಗೇ ಏಕೆ

ತಾಯಿಯ ರಕ್ತದಿಂದ ಮಗುವಿಗೆ ಹೋಗುವ ರೋಗನಿರೋಧಕ ಅಂಶಗಳ ಬಹುಪಾಲು ಬಸಿರಿನ ಕೊನೆಯ ವಾರಗಳಲ್ಲಿ ದಾಟುತ್ತದೆ. 30 ವಾರಕ್ಕೆ ಹುಟ್ಟಿದ ಮಗು ಆ ಪಾಲು ಸಿಗುವ ಮೊದಲೇ ಹೊರಗೆ ಬಂದಿರುತ್ತದೆ. ಚರ್ಮ ತೆಳು, ಅಂಟುಪಟ್ಟಿ ಕಿತ್ತರೂ ಸುಲಿಯುತ್ತದೆ. ಕರುಳಿನ ಒಳಪದರ ಇನ್ನೂ ಬಲಿತಿರುವುದಿಲ್ಲ. ಜೊತೆಗೆ ಬದುಕಿಸಲೆಂದೇ ಹಾಕಿದ ಡ್ರಿಪ್ ಸೂಜಿ, ಮೂಗಿನ ಕೊಳವೆ, ಉಸಿರಾಟದ ಯಂತ್ರ ಇವೆಲ್ಲ ಬ್ಯಾಕ್ಟೀರಿಯಾ ಒಳಹೋಗುವ ದಾರಿಗಳೂ ಆಗುತ್ತವೆ.

ಹುಟ್ಟಿದ 72 ಗಂಟೆಯೊಳಗೆ ಕಾಣಿಸುವ ಸೋಂಕು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ತಗಲಿದ್ದು. ಆಮೇಲೆ ಬರುವುದು ಬಹುತೇಕ ಕೈಗಳಿಂದ, ಉಪಕರಣಗಳಿಂದ, ಒದ್ದೆ ಜಾಗಗಳಿಂದ. ನಮ್ಮ ದೇಶದ ನವಜಾತ ಶಿಶು ಘಟಕಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಇ. ಕೊಲೈ, ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಸಿಗುತ್ತವೆ. ಕ್ಲೆಬ್ಸಿಯೆಲ್ಲಾದಂಥವುಗಳಿಗೆ ತೇವವೆಂದರೆ ಪ್ರೀತಿ: ಸಿಂಕು, ಆಮ್ಲಜನಕದ ಬಾಟಲಿಯ ನೀರು, ಒಣಗದ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗದ ಕೊಡಗಿನಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು.

ಹೆರಿಗೆಗೆ ಮೊದಲು

ದಿನ ತುಂಬುವ ಮೊದಲೇ ನೀರು ಹೋದರೆ ನೋವು ಬರಲಿ ಎಂದು ಮನೆಯಲ್ಲಿ ಕಾಯುವಂತಿಲ್ಲ. ನೀರು ಹೋದ ಗಂಟೆಯನ್ನು ತಾಯಿ ಕಾರ್ಡಿನ ಮೇಲೆ ಬರೆದುಕೊಂಡು ಹೊರಡಿ. 18 ಗಂಟೆ ದಾಟಿದರೆ ಮಗುವಿಗೆ ಸೋಂಕಿನ ಅಪಾಯ ಏರುತ್ತದೆ, ವೈದ್ಯರು ಮೊದಲು ಕೇಳುವುದೂ ಅದನ್ನೇ. ತಾಯಿಗೆ ಜ್ವರ, ನೀರಿಗೆ ದುರ್ವಾಸನೆ, ಉರಿಮೂತ್ರ ಇದ್ದರೆ ಮುಚ್ಚಿಡದೆ ಹೇಳಿ. 34 ವಾರದೊಳಗಿನ ಹೆರಿಗೆಯಾದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಸೋನ್ 6 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ನಾಲ್ಕು ಚುಚ್ಚುಮದ್ದು ಕೊಡುತ್ತಾರೆ. ಉಸಿರಾಟ ಚೆನ್ನಾಗಿದ್ದಷ್ಟೂ ಯಂತ್ರದ ಮೇಲಿರುವ ದಿನ ಕಡಿಮೆ, ಸೋಂಕಿನ ದಾರಿಯೂ ಕಡಿಮೆ. ಇಷ್ಟಕ್ಕೆಲ್ಲ ಸಮಯ ಬೇಕು, ಆದ್ದರಿಂದ ಬೇಗ ತಲುಪಿ.

ಮಗು ಘಟಕದಲ್ಲಿರುವಾಗ

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕವಿರಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಯಿರಲಿ, ಒಳಗೆ ಕಾಲಿಡುವ ಮುನ್ನ ಮಾಡಬೇಕಾದ್ದು ಒಂದೇ. ಉಂಗುರ, ಬಳೆ, ವಾಚು, ಕೈಗೆ ಕಟ್ಟಿದ ದಾರ ಎಲ್ಲ ತೆಗೆಯಿರಿ. ಉಂಗುರದ ಕೆಳಗಿನ ಚರ್ಮಕ್ಕೆ ಸೋಪು ತಲುಪುವುದಿಲ್ಲ. ಉಗುರು ಕತ್ತರಿಸಿಕೊಂಡಿರಬೇಕು. ಮೊಣಕೈವರೆಗೆ ಎರಡು ನಿಮಿಷ ಸೋಪಿನಿಂದ ಉಜ್ಜಿ: ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಮಣಿಕಟ್ಟು. ಜನ ಹೆಚ್ಚಾಗಿ ಬಿಡುವುದು ಹೆಬ್ಬೆರಳು ಮತ್ತು ಉಗುರ ತುದಿಗಳನ್ನು, ಮಗುವಿಗೆ ಮೊದಲು ತಗಲುವುದೂ ಅವೇ. ತೊಳೆದ ಕೈಯನ್ನು ಸೆರಗಿಗೆ ಒರೆಸಿದರೆ ತೊಳೆದದ್ದು ವ್ಯರ್ಥ. ಒಳಗೆ ಹೋದ ಮೇಲೆ ಮೊಬೈಲ್ ಮುಟ್ಟಿದರೆ ಮತ್ತೆ ಕೈ ತೊಳೆಯಿರಿ. ಸಿಬ್ಬಂದಿ ಕೈ ತೊಳೆಯದೆ ಮಗುವನ್ನು ಮುಟ್ಟುವುದು ಕಂಡರೆ "ಸಿಸ್ಟರ್, ಒಂದ್ಸಲ ಕೈ ತೊಳ್ಕೊಳ್ತೀರಾ" ಎಂದು ಕೇಳಲು ಸಂಕೋಚ ಬೇಡ. ಕೇಳುವ ಹಕ್ಕು ನಿಮಗಿದೆ.

ಸೋಂಕಿನ ಅನುಮಾನ ಬಂದರೆ ಮೊದಲು ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ರಕ್ತ ತೆಗೆದು, ಆಮೇಲೆ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ಔಷಧಿ ಮೊದಲು ಹೋದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಇರಬಹುದು, ಯಾವ ಔಷಧಿ ನಾಟುತ್ತದೆ ಎಂಬುದೂ ತಿಳಿಯುವುದಿಲ್ಲ. ಪರೀಕ್ಷೆಗೆ ಸುಮಾರು 1 ಮಿ.ಲೀ. ರಕ್ತ ಬೇಕು. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವುದೇ 85-90 ಮಿ.ಲೀ., ಹಾಗಾಗಿ ಬೇಕಾಬಿಟ್ಟಿ ತೆಗೆಯುವುದಿಲ್ಲ. ಬ್ಯಾಕ್ಟೀರಿಯಾ ಇದ್ದರೆ ಯಂತ್ರದಲ್ಲಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ಸೋಂಕು ಬಂದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನು ಸೋಂಕು ಶುರುವಾದ 6-12 ಗಂಟೆಯ ಮೇಲೆ ಏರುವುದರಿಂದ, ಆ ಪರೀಕ್ಷೆಯ ಮೊದಲ ವರದಿ ಸರಿಯಿದ್ದರೂ ಮತ್ತೊಮ್ಮೆ ಮಾಡುತ್ತಾರೆ. ಬೆನ್ನುಹುರಿಯ ನೀರು ತೆಗೆಯಬೇಕು ಎಂದರೆ ಹೆದರಿ ಬೇಡವೆನ್ನಬೇಡಿ. ಸೋಂಕು ಮಿದುಳಿನ ಪೊರೆಗೆ ಹೋಗಿದ್ದರೆ ಚಿಕಿತ್ಸೆಯ ಅವಧಿಯೇ ಬದಲಾಗುತ್ತದೆ. ರಕ್ತದಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ 7ರಿಂದ 14 ದಿನ, ಮಿದುಳಿನ ಪೊರೆಗೂ ಹೋಗಿದ್ದರೆ 14ರಿಂದ 21 ದಿನ.

ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಕೊಡುವುದು ಹಳೆಯ, ಬಳಕೆಯಲ್ಲಿರುವ ಜೋಡಿ. ಎಳೆಯ ಮಗುವಿನ ಮೂತ್ರಪಿಂಡ ಜೆಂಟಾಮೈಸಿನ್ ಅನ್ನು ನಿಧಾನವಾಗಿ ಹೊರಹಾಕುವುದರಿಂದ ಅದನ್ನು 36 ಅಥವಾ 48 ಗಂಟೆಗೊಮ್ಮೆ ಕೊಡುವುದುಂಟು. ಇವತ್ತು ಇಂಜೆಕ್ಷನ್ ಕೊಡಲಿಲ್ಲ ಎಂದು ಗಾಬರಿಯಾಗುವ ಮುನ್ನ ಕೇಳಿ ತಿಳಿದುಕೊಳ್ಳಿ. ಜೋರಾದ ಔಷಧಿಯನ್ನೇ ಹಾಕಿ ಎಂದು ಒತ್ತಾಯಿಸುವುದು ಮಗುವಿಗೆ ಒಳ್ಳೆಯದಲ್ಲ. ಅನಗತ್ಯ ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧಿಗೆ ಬಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ. ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗುವೂ ಚೆನ್ನಾಗಿದ್ದರೆ 48 ಗಂಟೆಯ ಹೊತ್ತಿಗೆ ಔಷಧಿ ನಿಲ್ಲಿಸುವುದು ಒಳ್ಳೆಯ ವೈದ್ಯರ ಲಕ್ಷಣ.

ಈ ದಿನಗಳಲ್ಲಿ ತಾಯಿಯ ಕೈಯಲ್ಲಿರುವ ಅತಿ ದೊಡ್ಡ ಔಷಧಿ ಹಾಲು. ಮೊದಲ ದಿನದ ಹಳದಿ ಗಿಣ್ಣುಹಾಲು ನಾಲ್ಕೇ ಹನಿ ಬಂದರೂ ಚೆಲ್ಲದೆ ಕೊಡಿ. ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಹಿಂಡಲು ಶುರು ಮಾಡಿ, ಹಗಲಿರುಳು ಸೇರಿ ದಿನಕ್ಕೆ 8ರಿಂದ 12 ಸಲ ಹಿಂಡಬೇಕು. ರಾತ್ರಿಯ ಸರದಿ ಬಿಟ್ಟರೆ ಹಾಲು ಇಳಿದುಹೋಗುತ್ತದೆ.

ಮನೆಗೆ ಬಂದ ಮೇಲೆ: ಬಿಸಿ, ಹಾಲು, ಬಟ್ಟೆ

ಮಗುವಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿಯ ಕೋಣೆ ಬೇಕು. ಜುಲೈ ತಿಂಗಳಲ್ಲಿ ಮಡಿಕೇರಿ, ಭಾಗಮಂಡಲದ ಮನೆಗಳ ಒಳಗೆ ಅಷ್ಟು ಬಿಸಿ ಸಿಗುವುದು ಕಷ್ಟ. ಹಾಗೆಂದು ಕೆಂಡದ ಬಾಣಲೆಯನ್ನು ಕೋಣೆಯೊಳಗೆ ತರಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯೂ ಇರುವುದಿಲ್ಲ. ಸಾಂಬ್ರಾಣಿ ಹೊಗೆಯೂ ಬೇಡ. ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟರೆ ತೆಳು ಚರ್ಮ ಸುಡುತ್ತದೆ.

ಎಲ್ಲಕ್ಕಿಂತ ನಂಬಬಹುದಾದ ಬಿಸಿ ಎಂದರೆ ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ ತಾಯಿಯ ಬರಿಯ ಎದೆಯ ಮೇಲೆ ನೆಟ್ಟಗೆ ಮಲಗಿಸಿ. ಕಾಲುಗಳು ಕಪ್ಪೆಯಂತೆ ಮಡಚಿರಲಿ, ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ಎದೆಗೆ ಒತ್ತಿಕೊಳ್ಳದೆ ಸ್ವಲ್ಪ ಮೇಲಿರಲಿ. ಹತ್ತಿ ಪಂಚೆಯಿಂದ ಸುತ್ತಿ ಕಟ್ಟಿ, ಬಟ್ಟೆಯ ಮೇಲಂಚು ಮಗುವಿನ ಕಿವಿಯ ಕೆಳಗೆ ನಿಲ್ಲಬೇಕು. ಮೂಗು ಸದಾ ಕಾಣುತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ 8ರಿಂದ 24 ಗಂಟೆ ಎಂದು ಹೇಳಿದೆ. ತಾಯಿ ಉಣ್ಣುವಾಗ, ಸ್ನಾನ ಮಾಡುವಾಗ ಅಪ್ಪ, ಅಜ್ಜಿ ಯಾರು ಬೇಕಾದರೂ ಎದೆಗೆ ಹಾಕಿಕೊಳ್ಳಬಹುದು, ಅವರಿಗೆ ಕೆಮ್ಮು, ಜ್ವರ, ಕಜ್ಜಿ ಇರಬಾರದು ಅಷ್ಟೇ. ಹೀಗೆ ತಾಯಿಯ ಚರ್ಮಕ್ಕೆ ತಗಲಿಕೊಂಡ ಮಗುವಿನ ಮೈಮೇಲೆ ಆಸ್ಪತ್ರೆಯ ಬ್ಯಾಕ್ಟೀರಿಯಾದ ಬದಲು ಮನೆಯವರ ಬ್ಯಾಕ್ಟೀರಿಯಾ ನೆಲೆಯಾಗುತ್ತದೆ, ಸೋಂಕು ತಗ್ಗಲು ಅದೂ ಒಂದು ಕಾರಣ.

ಹಾಲಿನ ಲೆಕ್ಕ ಹೀಗೆ: ಕಿಲೋಗೆ ದಿನಕ್ಕೆ ಸುಮಾರು 160 ಮಿ.ಲೀ. ಎಂದಿಟ್ಟುಕೊಂಡರೆ 1.6 ಕಿಲೋ ಮಗುವಿಗೆ 256 ಮಿ.ಲೀ. ಎರಡು ಗಂಟೆಗೊಮ್ಮೆ ಕೊಟ್ಟರೆ ಒಂದು ಸಲಕ್ಕೆ 21 ಮಿ.ಲೀ. ನಿಮ್ಮ ಮಗುವಿನ ಅಳತೆಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಒಳಲೆ, ಸ್ಟೀಲ್ ಬಟ್ಟಲು, ಮುಚ್ಚಳ ಮೂರನ್ನೂ ಸೋಪಿನಿಂದ ತೊಳೆದು, ನೀರಲ್ಲಿ ಪೂರ್ತಿ ಮುಳುಗಿಸಿ, ನೀರು ಕುದಿಯಲು ಶುರುವಾದ ಮೇಲೆ ಹತ್ತು ನಿಮಿಷ ಬಿಡಿ. ಬಾವಿ, ತೋಡಿನ ನೀರು ಮಳೆಗಾಲದಲ್ಲಿ ಕದಡಿರುವುದರಿಂದ ಸೋಸಿ ಕುದಿಸಿ. ಒರೆಸದೆ, ಬೋರಲು ಹಾಕಿ ಒಣಗಿಸಿ. ಹಾಲುಬಾಟಲಿ ಬೇಡವೇ ಬೇಡ, ನಿಪ್ಪಲ್‌ನ ಒಳಮೂಲೆ ತೊಳೆಯಲು ಆಗುವುದಿಲ್ಲ. ಹಿಂಡಿದ ಹಾಲು ಮುಚ್ಚಿಟ್ಟರೆ ಹೊರಗೆ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ ಇರುತ್ತದೆ. ಕರೆಂಟು ಹೋಗಿ ಫ್ರಿಜ್ ಬೆಚ್ಚಗಾಗಿದ್ದರೆ ಹೊರಗಿನ ಲೆಕ್ಕವನ್ನೇ ಹಿಡಿಯಿರಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ನೇರವಾಗಿ ಇಡಬೇಡಿ. ಕುಡಿದು ಉಳಿದದ್ದನ್ನು ಮತ್ತೆ ಕೊಡಬೇಡಿ. ಕಾಫಿ ಕುಯ್ಲಿಗೆ ಹೋಗುವ ತಾಯಂದಿರಿಗೂ ಇದೇ ಲೆಕ್ಕ.

ಕೊಡಗಿನ ಜೇನು ಎಷ್ಟೇ ಶುದ್ಧವಿರಲಿ, ವರ್ಷದೊಳಗಿನ ಮಗುವಿಗೆ ಒಂದು ಬೊಟ್ಟೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಕಲ್ಲಿನಲ್ಲಿ ತೇದ ಬಜೆ, ಜಾಯಿಕಾಯಿ, ಸಕ್ಕರೆ ನೀರು, ಕಣ್ಣಿಗೆ ಕಾಡಿಗೆ, ಮೂಗು ಕಿವಿಗೆ ಎಣ್ಣೆ, ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವುದು ಇವೆಲ್ಲ ನಿಲ್ಲಲಿ. ಪ್ರೀತಿಯಿಂದ ಮಾಡುವ ಅಜ್ಜಿಗೆ ಇದನ್ನು ಹೇಳುವುದು ಸುಲಭವಲ್ಲ. ವೈದ್ಯರಿಂದಲೇ ಹೇಳಿಸಿ, ಮಗುವನ್ನು ಎದೆಗೆ ಹಾಕಿಕೊಳ್ಳುವ ಕೆಲಸವನ್ನು ಅವರಿಗೆ ಒಪ್ಪಿಸಿ. ಹೊಕ್ಕುಳ ಬಳ್ಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಹಚ್ಚದೆ ಲಂಗೋಟಿಯ ಹೊರಗೆ ಒಣಗಲು ಬಿಡಿ. ಎರೆಯುವುದನ್ನು ವೈದ್ಯರು ಹೇಳುವವರೆಗೆ ಮುಂದೂಡಿ, ಅಲ್ಲಿಯವರೆಗೆ ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಬೇಗ ಒರೆಸಿದರೆ ಸಾಕು.

ಬಟ್ಟೆ ಮಳೆಗಾಲದ ನಿಜವಾದ ತಲೆನೋವು. ಅರೆ ಒಣಗಿದ ಲಂಗೋಟಿಯನ್ನು ಹಾಕಬೇಡಿ. ಬಿಸಿನೀರಲ್ಲಿ ಒಗೆದು, ಹಿಂಡಿ, ಫ್ಯಾನಿನ ಕೆಳಗೆ ಹರಡಿ, ಕೊನೆಗೆ ಹೊಲಿಗೆಯ ಅಂಚೂ ಬಿಡದೆ ಇಸ್ತ್ರಿ ಮಾಡಿ. ಕರೆಂಟು ಇಲ್ಲದ ದಿನಗಳಿಗಾಗಿ ಹಳೆಯ ಹತ್ತಿ ಸೀರೆ, ಪಂಚೆ ಹರಿದು ಮೂವತ್ತು ನಲವತ್ತು ತುಂಡು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಮಗು ನೋಡಲು ಬರುವ ನೆಂಟರಿಗೆ ಬಾಗಿಲಿಂದಲೇ ನೋಡಿ ಹೋಗಲು ಹೇಳಿ.

ದಿನಕ್ಕೆ ನಾಲ್ಕು ಸಲ ನೋಡಬೇಕಾದ್ದು

ಒಂದು ಡಿಜಿಟಲ್ ಥರ್ಮಾಮೀಟರ್, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನು, ಒಂದು ನೋಟ್‌ಬುಕ್. ಹಳೆಯ ಪಾದರಸದ ಥರ್ಮಾಮೀಟರ್ 35 ಡಿಗ್ರಿಗಿಂತ ಕೆಳಗೆ ತೋರಿಸುವುದಿಲ್ಲ, ತಣ್ಣಗಾದ ಮಗುವಿನಲ್ಲಿ ಅದನ್ನು ನಂಬಿದರೆ ಮೋಸ ಹೋಗುತ್ತೀರಿ.

ಮೊದಲು ಕೈಯಿಂದ. ನಿಮ್ಮ ಹಿಂಗೈಯನ್ನು ಮಗುವಿನ ಹೊಟ್ಟೆಗೆ ಮುಟ್ಟಿಸಿ, ಆಮೇಲೆ ಅಂಗಾಲಿಗೆ. ಎರಡೂ ಬೆಚ್ಚಗಿದ್ದು ಅಂಗಾಲು ಗುಲಾಬಿ ಬಣ್ಣದಲ್ಲಿದ್ದರೆ ಮಗು ಸರಿಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗು ಚಳಿಯ ಜೊತೆ ಹೋರಾಡುತ್ತಿದೆ ಎಂದರ್ಥ. ಎರಡೂ ತಣ್ಣಗಿದ್ದರೆ ಸೋತಿದೆ.

ಆಮೇಲೆ ಥರ್ಮಾಮೀಟರ್. ಕಂಕುಳನ್ನು ಒರೆಸಿ, ತುದಿಯನ್ನು ಕಂಕುಳಿನ ನಡುಗುಳಿಗೆ ಇಟ್ಟು, ತೋಳನ್ನು ಪಕ್ಕೆಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಬಿಡಬೇಡಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್ ಸರಿಯಾದದ್ದು. ಅದಕ್ಕಿಂತ ಕೆಳಗಿದ್ದರೆ ಕೂಡಲೇ ಎದೆಗೆ ಹಾಕಿಕೊಂಡು, ಹಾಲು ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಆಸ್ಪತ್ರೆಗೆ. 35.5ಕ್ಕಿಂತ, ಅಂದರೆ 95.9 ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಒಂದು ಗಂಟೆಯೂ ಕಾಯುವಂತಿಲ್ಲ. 37.5 ದಾಟಿದರೆ ಹೆಚ್ಚುವರಿ ಬಟ್ಟೆ ತೆಗೆದು ಅರ್ಧ ಗಂಟೆಯಲ್ಲಿ ಮತ್ತೆ ನೋಡಿ, ಇಳಿಯದಿದ್ದರೆ ಹೊರಡಿ. 38 ಇದ್ದರೆ ಆಗಲೇ ಹೊರಡಿ. ಪ್ಯಾರಾಸಿಟಮಾಲ್ ಹಾಕಿ ಜ್ವರ ಇಳಿಸಿ ನೋಡುವ ವಯಸ್ಸಲ್ಲ ಇದು.

ಉಸಿರು ಎಣಿಸುವಾಗ ಮಗು ಶಾಂತವಾಗಿರಬೇಕು, ಹೊಟ್ಟೆಯ ಬಟ್ಟೆ ಎತ್ತಿರಬೇಕು. ಪೂರ್ತಿ 60 ಸೆಕೆಂಡ್ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಇಂಥ ಮಕ್ಕಳ ಉಸಿರು ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. 5-10 ಸೆಕೆಂಡಿನ ಬಿಡುವು ಸಹಜ. 20 ಸೆಕೆಂಡ್ ಉಸಿರು ನಿಂತರೆ, ಅಥವಾ ಅದಕ್ಕೂ ಮೊದಲೇ ತುಟಿ ನೀಲಿಯಾದರೆ ಅಂಗಾಲನ್ನು ಉಜ್ಜಿ ಎಬ್ಬಿಸಿ, ಹೊರಡಿ. ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ಅಪಾಯ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಳ್ಳುವುದು, ಪ್ರತಿ ಉಸಿರಿಗೂ ನರಳುವ ಸದ್ದು ಇದ್ದರೆ ಎಣಿಸುತ್ತಾ ಕೂರಬೇಡಿ.

ಕುಡಿದ ಹಾಲನ್ನು ಮಿಲಿಲೀಟರ್ ಲೆಕ್ಕದಲ್ಲೇ ಬರೆಯಿರಿ. ಸಾಲಾಗಿ ಎರಡು ಸಲ ಅರ್ಧಕ್ಕಿಂತ ಕಡಿಮೆ ಕುಡಿದರೆ ಆಸ್ಪತ್ರೆಗೆ ಹೊರಡಲು ಅದೊಂದೇ ಕಾರಣ ಸಾಕು. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಅಂಗೈ ಅಂಗಾಲಿಗೂ ಇಳಿದ ಹಳದಿ, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು, ನೆತ್ತಿ ಉಬ್ಬುವುದು, ಎಬ್ಬಿಸಿದರೂ ಏಳದಿರುವುದು ಇವೂ ಹಾಗೆಯೇ. ಎಳೆಯ ಮಗುವಿನ ಫಿಟ್ಸ್ ದೊಡ್ಡವರ ಹಾಗಿರುವುದಿಲ್ಲ. ಕಣ್ಣು ಒಂದೇ ಕಡೆ ನೆಡುತ್ತದೆ, ತುಟಿ ಚಪ್ಪರಿಸುತ್ತಲೇ ಇರುತ್ತದೆ, ಕಾಲು ಸೈಕಲ್ ತುಳಿದಂತೆ ಆಡುತ್ತದೆ.

ಇದ್ಯಾವುದೂ ಇಲ್ಲದೆ, "ಏನೋ ಸರಿಯಿಲ್ಲ" ಎಂದು ತಾಯಿ ಹೇಳಿದರೆ ಅದನ್ನೂ ಒಂದು ಲಕ್ಷಣವೆಂದೇ ಎಣಿಸಬೇಕು.

ಹೊರಡುವುದು

1. 108ಕ್ಕೆ ಕರೆ ಮಾಡಿ, "ದಿನ ತುಂಬದ ಮಗು, ಇಷ್ಟು ತೂಕ, ಈ ಲಕ್ಷಣ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಎಸ್ಟೇಟ್ ಕಾರ್ಮಿಕರ ಲೈನ್ ಮನೆ ಅಥವಾ ಆದಿವಾಸಿಗಳ ಹಾಡಿಯಾದರೆ ಎಸ್ಟೇಟ್ ಗೇಟ್, ಮುಖ್ಯ ರಸ್ತೆಯ ತಿರುವು ತಿಳಿಸಿ, ಒಬ್ಬರನ್ನು ಟಾರ್ಚ್ ಹಿಡಿಸಿ ಅಲ್ಲಿ ನಿಲ್ಲಿಸಿ. ನೆಟ್‌ವರ್ಕ್ ಸಿಗದ ಕಡೆ ಯಾರ ಜೀಪು ಎಂದು ಡಿಸ್ಚಾರ್ಜ್ ಆದ ವಾರವೇ ಮಾತಾಡಿಟ್ಟುಕೊಳ್ಳಿ.

2. ಮಗುವನ್ನು ಎದೆಗೆ ಕಟ್ಟಿಕೊಂಡೇ ಕೂರಿ. ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟರೆ ಕೆಳಗಿಳಿಯುವ ಹೊತ್ತಿಗೆ ತಣ್ಣಗಾಗಿರುತ್ತದೆ. ಎಚ್ಚರವಿದ್ದು ನುಂಗುತ್ತಿದ್ದರೆ ಹೊರಡುವ ಮುನ್ನ ಎದೆಹಾಲು ಕೊಡಿ, ರಕ್ತದ ಸಕ್ಕರೆ ಕುಸಿಯದಿರಲು. ಉಸಿರು ಏದುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ ಬಾಯಿಗೆ ಏನೂ ಹಾಕಬೇಡಿ.

3. ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್, ನಿಮ್ಮ ನೋಟ್‌ಬುಕ್ ಒಂದು ಪ್ಲಾಸ್ಟಿಕ್ ಚೀಲದಲ್ಲಿರಲಿ. ಹಿಂದೆ ಯಾವ ಆಂಟಿಬಯಾಟಿಕ್ ಎಷ್ಟು ದಿನ ಎಂಬುದು ಮುಂದಿನ ಔಷಧಿಯನ್ನು ನಿರ್ಧರಿಸುತ್ತದೆ.

4. ದಾರಿ ದೂರವಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಂಟಿಬಯಾಟಿಕ್‌ನ ಮೊದಲ ಡೋಸ್ ಹಾಕಿಸಿಕೊಂಡು ಮುಂದೆ ಹೋಗಬಹುದು. ಅಲ್ಲಿಗೇ ನಿಲ್ಲಬೇಡಿ, ಕೊಟ್ಟ ಸಮಯ ಬರೆಸಿಕೊಳ್ಳಿ. ಮನೆಯಲ್ಲಿ ಉಳಿದ ಸಿರಪ್ ಕುಡಿಸುವುದು ಬೇರೆ ಮಾತು, ಅದನ್ನು ಮಾಡಲೇಬೇಡಿ.

5. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಅಲ್ಲಿಗೆ ಕಳಿಸುವುದಾದರೆ ಹಾಸಿಗೆ ಇದೆಯೇ ಎಂದು ಈ ಕಡೆಯ ವೈದ್ಯರೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಲಿ ಎಂದು ಕೇಳಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ಕಡೆಯ ಸಂಪಾಜೆ ರಸ್ತೆ ಬಂದಾದದ್ದು ಜಿಲ್ಲೆಗೆಲ್ಲ ಗೊತ್ತು. ಭಾರೀ ಮಳೆಯ ಮುನ್ಸೂಚನೆ ಇರುವ ದಿನ, ಕರಿಕೆಯಂಥ ದೂರದ ಊರಿನವರು ಲಕ್ಷಣ ಸಣ್ಣದಿದ್ದರೂ ಸಂಜೆಗೆ ಮುನ್ನವೇ ಘಾಟಿ ದಾಟುವುದು ಒಳ್ಳೆಯದು.

ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ವರ್ಷದೊಳಗಿನ ಮಗುವಿನ ಚಿಕಿತ್ಸೆ, ಪರೀಕ್ಷೆ, ಔಷಧಿ, ವಾಹನ ಉಚಿತ. ಹಣ ಹೊಂದಿಸಲೆಂದು ತಡಮಾಡುವ ಅಗತ್ಯವಿಲ್ಲ.

ಚಿಕಿತ್ಸೆ ಮುಗಿದ ಮೇಲೆ

ಡಿಸ್ಚಾರ್ಜ್ ದಿನವೇ ಮೂರು ತಾರೀಖು ಬರೆಸಿಕೊಳ್ಳಿ. ಒಂದು, ಕಣ್ಣಿನ ರೆಟಿನಾ ಪರೀಕ್ಷೆ: 2 ಕಿಲೋಗಿಂತ ಕಡಿಮೆ ತೂಕ ಅಥವಾ 34 ವಾರದೊಳಗೆ ಹುಟ್ಟಿದ ಮಗುವಿಗೆ ಹುಟ್ಟಿದ 30 ದಿನದೊಳಗೆ ಆಗಬೇಕು, 28 ವಾರದೊಳಗೆ ಹುಟ್ಟಿದವಕ್ಕೆ ಇನ್ನೂ ಮೊದಲು. ಸೋಂಕು ಬಂದುಹೋದ ಮಗುವಿನಲ್ಲಿ ರೆಟಿನಾದ ತೊಂದರೆ ಹೆಚ್ಚು. ಎರಡು, ಕಿವಿಯ ಪರೀಕ್ಷೆ: ಜೆಂಟಾಮೈಸಿನ್ ಕೂಡ, ಮಿದುಳು ಪೊರೆಯ ಸೋಂಕು ಕೂಡ ಕೇಳುವ ಶಕ್ತಿಗೆ ಪೆಟ್ಟು ಕೊಡಬಲ್ಲವು. ಮೂರು, ಲಸಿಕೆ: ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು, ಬೇಗ ಹುಟ್ಟಿತೆಂದು ಮುಂದೂಡುವುದಿಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬರಬೇಕು. ಬಂದಾಗ ನೋಟ್‌ಬುಕ್ ತೋರಿಸಿ, ಅವರ ತಕ್ಕಡಿಯಲ್ಲಿ ತೂಕ ಹಾಕಿಸಿ. ದಿನಕ್ಕೆ 20ರಿಂದ 30 ಗ್ರಾಂನಂತೆ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಒಂದು ವಾರ ತೂಕ ಏರದೆ ನಿಂತರೆ, ಬೇರೆ ಲಕ್ಷಣ ಇಲ್ಲದಿದ್ದರೂ ಮಗುವನ್ನು ವೈದ್ಯರಿಗೆ ತೋರಿಸಿ.